ಅತ್ತೆಯ ಕಾಮಿಕ್ಸ್ ವಾರ್ತೆ ಮತ್ತು ಒಂದು ಮುದಿ ಕತ್ತೆ

ಲೋಕದಲ್ಲಿ ಏನೇ ನಡೆಯಲಿ, ನಮ್ಮತ್ತೆಗೆ, ನಮ್ಮಪ್ಪನ ಅಕ್ಕನಿಗೆ, ಅದು ಸುದ್ದಿಯೇ ಅಲ್ಲ! ಸರ್ಕಾರ ಬೀಳಲಿ, ಚಿನ್ನ ಏರಲಿ, ಪಕ್ಕದ ಮನೆಗೆ ಕಳ್ಳ ನುಗ್ಗಲಿ, ಅವರು ತಲೆ ಎತ್ತುವುದಿಲ್ಲ. ಆದರೆ ಎಲ್ಲೋ ಒಂದು ಕಾಮಿಕ್ಸ್ ಪುಸ್ತಕದ ಮುಖಪುಟ ಬದಲಾಯಿತೆನ್ನಿ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಸರಿಯೇ, ಚಿಕ್ಕಬಳ್ಳಾಪುರದಲ್ಲಿರುವ ನನಗೆ ಶಿಡ್ಲಘಟ್ಟದಿಂದ ಫೋನು ಬಂದೇ ಬರುತ್ತದೆ.

“ಕೇಳಿದ್ಯೇನೇ? ಹೊಸ ಮುಖಪುಟದಾಗೆ ಅವನಿಗೆ ಮೀಸೆ ಬರೆದವ್ರೆ!”

ಯಾರಿಗೆ, ಯಾಕೆ ಎಂದು ಕೇಳುವಂತಿಲ್ಲ. ಕೇಳಿದರೆ ಹಿಂದಿನ ಭಾಗಗಳ ಕಥೆಯನ್ನೆಲ್ಲ ಕೇಳಬೇಕಾಗುತ್ತದೆ. “ಅಯ್ಯೋ, ಲಕ್ಷಣವಾಗಿದ್ದ ಮುಖಕ್ಕೆ!” ಎಂದು ಮರುಗಿ ಫೋನು ಇಡುವುದನ್ನು ನಮ್ಮ ವಂಶದವರೆಲ್ಲ ಕಲಿತಿದ್ದೇವೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಉಳಿದವರು ಶುಭೋದಯದ ಗುಲಾಬಿ ಹಾಕಿದರೆ ಅತ್ತೆ “ಈ ವಾರ ಬಿಡುಗಡೆ” ಎಂದು ಹಾಕುತ್ತಾರೆ. ಗುಲಾಬಿ ಹಾಕಿದವರಿಗೆ ತಿರುಗಿ ಗುಲಾಬಿ ಹಾಕಬಹುದು, ಇದಕ್ಕೆ ಏನು ಹಾಕುವುದು?

ಅರವತ್ತು ದಾಟಿದ ಅತ್ತೆಯದು ರೇಷ್ಮೆ ಹುಳು ಸಾಕುವ ಮನೆ. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಅವು ತಿಂದು ಮುಗಿಸುವಷ್ಟು ಹೊತ್ತು ಅಲ್ಲೇ ಕೂತು ಓದುತ್ತಾರೆ. “ಎರಡಕ್ಕೂ ಹೊಟ್ಟೆ ತುಂಬೋದೇ ಇಲ್ಲ,” ಎಂದು ಗೊಣಗುತ್ತಾ ಮಾಮ, ಅಂದರೆ ಅತ್ತೆಯ ಗಂಡ, ಇನ್ನೊಂದು ಹೊರೆ ಸೊಪ್ಪು ತಂದು ಇಳಿಸುತ್ತಾರೆ. ಮಾಮನಿಗೆ ಮಾತು ಕಡಿಮೆ. ಅತ್ತೆಯ ಪುಸ್ತಕಗಳೆಂದರೆ ಅವರಿಗೆ “ಗೊಂಬೆ ಬುಕ್ಕು,” ಅಷ್ಟೆ. ಒಂದನ್ನೂ ಬಿಡಿಸಿ ನೋಡಿದವರಲ್ಲ. ಇನ್ನೊಂದು ವಿಶೇಷ: ಎದೆ ನಡುಗಿದಾಗ ಮಾತ್ರ ಅವರ ಬಾಯಿಗೆ ತೆಲುಗು ಬರುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಕುಸಿದರೆ “ಏಂ ಕಾದು, ಏಂ ಕಾದು,” ಏನೂ ಆಗಲ್ಲ, ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಅದನ್ನು ಕೇಳಿದರೆ ನಾವು ಆ ತಿಂಗಳು ಸೀರೆಯ ಮಾತೆತ್ತುವುದಿಲ್ಲ.

ಒಮ್ಮೆ ಗೌರಿಬಿದನೂರಿನಲ್ಲಿ ದೂರದ ನೆಂಟರೊಬ್ಬರು ತೀರಿಕೊಂಡಾಗ ತಿಥಿಗೆ ಹೋಗಿದ್ದೆವು. ಅವರ ಹೆಂಡತಿ ಗೋಡೆಗೆ ಒರಗಿ, “ಹೋದೋರು ಮತ್ತೆ ಬರ್ತಾರೇನಕ್ಕಾ?” ಎಂದು ಅತ್ತಾಗ ಎಲ್ಲರೂ ತಲೆ ತಗ್ಗಿಸಿದರು. ನಮ್ಮತ್ತೆ ಮಾತ್ರ ಕಣ್ಣೊರೆಸಿಕೊಂಡು, “ಬರ್ತಾರೆ ಬಿಡಮ್ಮ! ಹೋದ ತಿಂಗಳು ತಾನೇ ಒಬ್ಬ ವಾಪಸ್ ಬಂದ. ಹೊಸಾ ಬಟ್ಟೆ ಬೇರೆ ಕೊಟ್ಟವ್ರೆ ಅವನಿಗೆ,” ಎಂದುಬಿಟ್ಟರು! ಯಾವುದೋ ದೇಶದ ಕಾಮಿಕ್ಸಿನಲ್ಲಿ ಸತ್ತ ವೀರನೊಬ್ಬ ಮತ್ತೆ ಬದುಕಿ ಬಂದ ಸುದ್ದಿ ಅದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆದರೆ ಆ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೇಬಿಟ್ಟರು. “ನಮ್ಮನೆಯೋರು ಬರೋದಾದ್ರೆ ಹಳೇ ಪಂಚೇಲೇ ಬರ್ಲಿ ಬಿಡಕ್ಕ,” ಅಂದರು. ಅವತ್ತು ಅತ್ತೆಯ ಎಲೆಗೆ ವಡೆ ಕೇಳದೆಯೇ ಬೀಳುತ್ತಿತ್ತು.

ಇಂಥ ಅತ್ತೆಗೆ ಗಂಟುಬಿದ್ದದ್ದು ಒಂದು ಕತ್ತೆ. ಬೆಂಗಳೂರಿನ ಇಬ್ಬರು ಹುಡುಗಿಯರು ಸೇರಿ ಕನ್ನಡದಲ್ಲೇ ಭಾಗ ಭಾಗವಾಗಿ ಹೊರತರುತ್ತಿದ್ದ ಚಿತ್ರಕಾದಂಬರಿ. ಬೆಟ್ಟದ ಹಳ್ಳಿಗಳಿಗೆ ಟಪಾಲು ಹೊತ್ತು ತಿರುಗುವ ಒಬ್ಬ ಅಂಚೆಯವನು, ಅವನ ಹಿಂದೆ ಒಂದು ಮುದಿ ಕತ್ತೆ. ಮೊದಲ ಭಾಗವನ್ನು ಅವರು ದಿನಪತ್ರಿಕೆಯ ಹಾಗೆ ದೊಡ್ಡ ಹಾಳೆಗಳಲ್ಲಿ ಮಡಿಚಿ ಕಳಿಸಿದ್ದರು. ದಿನಪತ್ರಿಕೆಯ ಹಾಗಿದ್ದ ಮೇಲೆ ಶಿಡ್ಲಘಟ್ಟದಲ್ಲಿ ಅದರ ಗತಿ ಏನು? ಮಾಮ ಅದನ್ನು ಬಿಡಿಸಿ ಹುಳದ ತಟ್ಟೆಗೆ ಹಾಸಿಬಿಟ್ಟರು!

ಅತ್ತೆ ನೋಡುವಷ್ಟರಲ್ಲಿ ಹುಳುಗಳು ಜ್ವರಕ್ಕೆ ಕೂತಿದ್ದವು. ಮೈಮೇಲಿನ ಪೊರೆ ಬಿಡುವ ಮುನ್ನ ಹುಳು ತಿನ್ನುವುದನ್ನು ನಿಲ್ಲಿಸಿ, ಸತ್ತಂತೆ ಅಲುಗದೆ ಇದ್ದುಬಿಡುತ್ತದೆ. ನಮ್ಮ ಕಡೆ ಅದನ್ನೇ ಜ್ವರ ಅನ್ನುವುದು. ಆಗ ಅದನ್ನು ಕದಲಿಸುವಂತಿಲ್ಲ. ಅತ್ತೆ ತಟ್ಟೆಯ ಮೇಲೆ ಬಗ್ಗಿ, ಹುಳುಗಳ ಸಂದಿನಲ್ಲಿ ಕಂಡಷ್ಟು ಓದಿದರು.

“ರೀ, ಕತ್ತೆ ಬಾಲ ಕಾಣ್ತೈತೆ, ಮುಖದ ಮೇಲೆ ನಿಮ್ ಹುಳ ಕೂತವೆ!”

“ಜ್ವರ ಬಿಟ್ಮೇಲೆ ಎದ್ದು ಹೋಗ್ತವೆ. ಮುಖ ಎಲ್ಲಿಗೆ ಹೋಗ್ತದೆ? ಅಲ್ಲೇ ಇರ್ತದೆ,” ಎಂದರು ಮಾಮ.

ನಗುವುದೆಲ್ಲ ಕಳೆದ ವರ್ಷದವರೆಗೆ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬೆಳೆಯಿತು. ಮೊದಲು ಅಕ್ಷರ ಹೋಯಿತು, ಆಮೇಲೆ ಚಿತ್ರವೂ ಮಂಜಾಯಿತು. ಬೆಳಗಿನ ಕಾಮಿಕ್ಸ್ ವಾರ್ತೆಯನ್ನು ನಾನೇ ಫೋನಿನಲ್ಲಿ ಓದಿ ಹೇಳುವ ಹಾಗಾಯಿತು. ಪೊರೆ ತೀರಾ ಬಲಿತಿದೆ, ಇನ್ನೂ ತಡಮಾಡಿದರೆ ಕಣ್ಣಿಗೇ ಅಪಾಯ ಎಂದರು ಡಾಕ್ಟರು. ಅತ್ತೆ ಒಪ್ಪಬೇಕಲ್ಲ?

“ಕತ್ತೆ ಕಥೆ ಕೊನೇ ಭಾಗ ಬರ್ಲಿ, ಆಮೇಲೆ ನೋಡಣ.”

“ಆಪರೇಷನ್ ಆದ್ರೆ ತಾನೇ ಅತ್ತೆ ಓದಕ್ಕಾಗೋದು?”

“ಹೆಚ್ಚು ಕಮ್ಮಿ ಆದ್ರೆ? ಕತ್ತೆ ಗತಿ ಏನಾಯ್ತು ಅಂತ ತಿಳೀದೇನೇ ಕತ್ತಲಾಗೆ ಕೂತಿರ್ಲೇನೇ?”

ಅತ್ತೆಗಿದ್ದದ್ದು ಭಯ, ಕತ್ತೆ ಬರೀ ನೆಪ ಎಂದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು? ನಮ್ಮತ್ತೆಯ ಕಣ್ಣು ಒಂದು ಕತ್ತೆಯ ಬಾಲಕ್ಕೆ ಕಟ್ಟಿಕೊಂಡಿತ್ತು!

ಆಗ ನೋಡಬೇಕಿತ್ತು ನಮ್ಮ ನೆಂಟರಿಷ್ಟರನ್ನು. ಎಲ್ಲರೂ ಕಾಮಿಕ್ಸ್ ಸುದ್ದಿಗೆ ಬಾಯಿ ಬಿಟ್ಟುಕೊಂಡು ಕೂತರು. ಕಾಗದ ತುಟ್ಟಿಯಾಗಿದೆ, ಬಿಡುಗಡೆ ಮುಂದಕ್ಕೆ ಹೋಗಿದೆ ಎಂದು ಒಮ್ಮೆ ಬಂತು. ಚಿತ್ರ ಬರೆಯುವ ಹುಡುಗಿಗೆ ಮಣಿಕಟ್ಟಿನ ನೋವು ಎಂದು ಇನ್ನೊಮ್ಮೆ ಬಂತು. ಟೊಮೇಟೊ ರೇಟು ಬಿಟ್ಟು ಜನ್ಮದಲ್ಲಿ ಬೇರೇನೂ ಓದದ ಚಿಂತಾಮಣಿಯ ದೊಡ್ಡಪ್ಪ ಬೆಳಗೆದ್ದು ನನಗೆ ಫೋನು ಮಾಡಿ, “ಏನಮ್ಮಾ, ಆ ಮಗೂಗೆ ಕೈ ಹೆಂಗೈತೆ? ನಮ್ಮೂರಾಗೆ ಒಳ್ಳೇ ನೋವಿನ ಎಣ್ಣೆ ಸಿಗ್ತದೆ, ಕಳಿಸ್ಲಾ?” ಎಂದು ವಿಚಾರಿಸತೊಡಗಿದರು. ಗೌರಿಬಿದನೂರಿನ ಆ ಹೆಂಗಸು ಪುಸ್ತಕ ಬೇಗ ಬರಲೆಂದು ದೇವರಿಗೆ ಹರಕೆ ಹೊತ್ತರು. ಕಾಮಿಕ್ಸ್ ಬಿಡುಗಡೆಗೆ ತೆಂಗಿನಕಾಯಿ ಒಡೆದ ಉದಾಹರಣೆ ಇನ್ನೆಲ್ಲಾದರೂ ಇದೆಯೇ?

ಕೊನೆಗೂ ಪುಸ್ತಕ ಬಂತು. ಅಬ್ಬಾ! ನಾನು ರಜೆ ಹಾಕಿ, ಸಿಕ್ಕಿದ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಓಡಿದೆ. ಅತ್ತೆ ಕಾಲು ಚಾಚಿ ಕೂತು, “ಓದು,” ಎಂದರು. ಓದುವುದೇನು? ಕೊನೆಯ ಭಾಗದಲ್ಲಿ ಮಾತೇ ಇಲ್ಲ, ಬರೀ ಚಿತ್ರ!

“ಬೆಟ್ಟ ಇದೆ ಅತ್ತೆ. ಮೋಡ ಇದೆ.”

“ಎಂಥಾ ಬೆಟ್ಟ? ನಂದಿ ಬೆಟ್ಟದಂಗೋ, ಅಂಬಾಜಿದುರ್ಗದಂಗೋ? ಸರಿಯಾಗಿ ಹೇಳಮ್ಮ, ಇಷ್ಟು ಓದಿ ಏನ್ ಬಂತು ನಿನಗೆ!”

ಎರಡು ಪುಟಕ್ಕೇ ನನ್ನ ಬೆವರು ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಮಾಮ ಕೈ ಒರೆಸಿಕೊಂಡು ಬಂದು, “ಇತ್ತ ಕೊಡಮ್ಮ,” ಎಂದರು. ಗೊಂಬೆ ಬುಕ್ಕನ್ನು ಮುಟ್ಟದ ಮಾಮ! ನಾನು ಕಾಫಿಗಿಡಲು ಒಳಗೆ ಹೋದೆ. ಕಿವಿ ಮಾತ್ರ ಹೊರಗೇ ಇತ್ತು.

“ಅಂಬಾಜಿದುರ್ಗದ ಹಿಂಭಾಗದಂಗೈತೆ, ಒಣಕಲು ಬೆಟ್ಟ. ಅಂಚೆಯೋನು ಮುಂದೆ, ಕತ್ತೆ ಹಿಂದೆ. ಕತ್ತೆಗೆ ಕಾಲು ಸೋತೈತೆ.”

“ಪಾಪ. ಆಮೇಲೆ?”

ಪುಟ ತಿರುವಿದ ಸದ್ದಾಯಿತು.

“ರೀ, ಆಮೇಲೆ?”

“ಮಲಗೈತೆ.”

“ಮಲಗೈತಾ? ಕಣ್ಣು ಬಿಟ್ಟೈತೇನ್ರೀ?”

“ಮುಚ್ಚೈತೆ. ಏಂ ಕಾದು, ಏಂ ಕಾದು. ಜ್ವರಕ್ಕೆ ಕೂತಿರೋ ಹುಳದಂಗೈತೆ, ಅಷ್ಟೆ. ಏಳ್ತದೆ.” ಇನ್ನೊಂದು ಪುಟ ತಿರುಗಿತು. “ಆ, ಎದ್ದೈತೆ ನೋಡು! ಅಂಚೆಯೋನು ಹಿಪ್ಪುನೇರಳೆ ಸೊಪ್ಪು ತಿನ್ನಿಸ್ತಾವ್ನೆ.”

“ಆ ಒಣಕಲು ಬೆಟ್ಟದ ಮೇಲೆ ಹಿಪ್ಪುನೇರಳೆ ಎಲ್ಲಿಂದ ಬಂತ್ರೀ?”

“ಬರೆದೋರನ್ನ ಕೇಳು! ಚಿತ್ರದಾಗೈತೆ, ನಾನೇನ್ ಮಾಡ್ಲಿ?”

ಅತ್ತೆ ಉಸಿರು ಬಿಟ್ಟದ್ದು ಅಡುಗೆಮನೆಗೂ ಕೇಳಿತು. “ಸರಿ ಬಿಡ್ರಿ. ಯಾವತ್ತು ಬರ್ಬೇಕು ಅಂತ ಡಾಕ್ಟರನ್ನ ಕೇಳಿ,” ಎಂದರು.

ಚಿಕ್ಕಬಳ್ಳಾಪುರದಲ್ಲಿ ಮೊದಲು ಒಂದು ಕಣ್ಣಿನ ಆಪರೇಷನ್ ಆಯಿತು. ಒಳಗೆ ಡಾಕ್ಟರು ಇಂಗ್ಲಿಷಿನಲ್ಲಿ, ಹೊರಗೆ ಮಾಮ ತೆಲುಗಿನಲ್ಲಿ! ಮರುದಿನ ಬೆಳಗ್ಗೆ ಪಟ್ಟಿ ತೆಗೆದರು. ನರ್ಸ್ ಕೈ ಎತ್ತಿ, “ಎಷ್ಟು ಬೆರಳು ಹೇಳಿ ಅಮ್ಮಾ,” ಎಂದಳು.

“ಬೆರಳು ಹಂಗಿರ್ಲಿ, ನಿನ್ ಮೂಗುಬೊಟ್ಟಿನ ಕಲ್ಲು ಒಂದು ಉದುರೋಗೈತಲ್ಲಮ್ಮಾ!”

ದೇವರೇ, ಆ ಕ್ಷಣದ ನೆಮ್ಮದಿಯನ್ನು ಹೇಗೆ ಹೇಳಲಿ? ನಾನು ನಕ್ಕೆ, ನರ್ಸ್ ಮೂಗು ಮುಟ್ಟಿಕೊಂಡು ನಕ್ಕಳು. ಮಾಮ ಟವೆಲಿನಿಂದ ಮುಖ ಒರೆಸಿಕೊಂಡು, ಕಾಫಿ ತರುತ್ತೇನೆಂದು ಹೊರಗೆ ಹೋದರು.

ಅವರು ಅತ್ತ ಹೋದದ್ದೇ ತಡ, ಅತ್ತೆ ನನ್ನ ಚೀಲಕ್ಕೇ ಕೈ ಹಾಕಿ, ಆಸ್ಪತ್ರೆಗೆ ಹೊರಡುವಾಗ ತಾವೇ ತುರುಕಿದ್ದ ಪುಸ್ತಕವನ್ನು ಎಳೆದರು. “ಒಂದೇ ಪುಟ ಕಣೇ. ಅದೇನು ಸೊಪ್ಪು ಬರೆದವ್ರೋ ನೋಡ್ಬಿಡ್ತೀನಿ.”

ಕೊನೆಯ ಪುಟಗಳನ್ನು ನಾನೂ ಬಗ್ಗಿ ನೋಡಿದೆ. ಒಣಕಲು ಬೆಟ್ಟ. ಕತ್ತೆ ಮಲಗಿದೆ. ಅಂಚೆಯವನು ತನ್ನ ಕೋಟು ಬಿಚ್ಚಿ ಅದರ ಮೇಲೆ ಹೊದಿಸಿದ್ದಾನೆ. ಮುಂದಿನ ಪುಟದಲ್ಲಿ ಒಂದು ಕಲ್ಲಿನ ಗುಡ್ಡೆ. ಅದರಾಚೆ ಟಪಾಲಿನ ಚೀಲವನ್ನು ತಾನೇ ಹೊತ್ತು ಒಬ್ಬನೇ ಇಳಿದು ಹೋಗುತ್ತಿದ್ದಾನೆ. ಎಲ್ಲೂ ಒಂದು ಹಸಿರು ಎಲೆ ಇಲ್ಲ.

ಅವತ್ತು ಆ ಪುಟದ ಮುಂದೆ ಮಾಮ ಒಬ್ಬರೇ ಕೂತಿದ್ದರಲ್ಲ ಎಂದು ಸಂಕಟವಾಯಿತು. ಅತ್ತೆ ಬಹಳ ಹೊತ್ತು ನೋಡಿದರು. ಕಣ್ಣು ಒರೆಸಬಾರದೆಂದು ಡಾಕ್ಟರು ಹೇಳಿದ್ದರಿಂದ ಸುಮ್ಮನೆ ತಲೆ ಎತ್ತಿ ಸೂರು ನೋಡುತ್ತಾ ಕೂತರು.

ಕಾಫಿ ಹಿಡಿದು ಬಂದ ಮಾಮ, ಅತ್ತೆಯ ಕೈಯಲ್ಲಿ ಪುಸ್ತಕ ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

“ನೋಡ್ದ್ಯಾ?” ಎಂದರು. ಆಮೇಲೆ ಮೆಲ್ಲಗೆ, “ಏಂ ಕಾದು…”

ಅತ್ತೆ ಪುಸ್ತಕ ಮುಚ್ಚಿ ದಿಂಬಿನ ಕೆಳಗಿಟ್ಟರು.

“ನೋಡ್ದೆ ಕಣ್ರೀ. ನೀವು ಹೇಳ್ದಂಗೇ ಐತೆ. ಆ ಸೊಪ್ಪು ಎಷ್ಟು ಹಸಿರಾಗೈತೆ ಗೊತ್ತಾ!”