ಡೆಲ್ಬರ್ಟನ ಪತ್ತೇದಾರಿಕೆ ಮತ್ತು ಒಂದು ಗ್ರೇವಿ ಪಾತ್ರೆ

ಆ ಮಂಗಳವಾರ ಡೆಲ್ಬರ್ಟ್ ಹಾಲಿಸ್ ಕಾಫಿ ಲೋಟವನ್ನು ಮೇಜಿಗೆ ಕುಕ್ಕಿ ಭೀಷ್ಮಪ್ರತಿಜ್ಞೆ ಮಾಡಿದ. ಇವತ್ತು ಸಿನಿಮಾದ ಕೊನೆಯವರೆಗೂ ಕುರ್ಚಿ ಬಿಟ್ಟು ಏಳುವುದಿಲ್ಲ. ಕೊಲೆಗಾರ ಯಾರೆಂದು ಅರ್ಧಕ್ಕೇ ಹೇಳಿಬಿಡುತ್ತೇನೆ. ತಪ್ಪಿದರೆ ಒಂದು ತಿಂಗಳು ಮನೆಯ ಪಾತ್ರೆಯೆಲ್ಲ ನಾನೇ ತೊಳೆಯುತ್ತೇನೆ!

"ಒಡೀದೆ ತೊಳೀತೀಯ ತಾನೆ?" ಎಂದಳು ಹೆಂಡತಿ ವರ್ನಾ.

ಲಾಸ್ ಏಂಜಲೀಸಿನಲ್ಲಿ ಆಗ ಯಾವ ಮನುಷ್ಯನೂ ಸಿನಿಮಾವನ್ನು ಮೊದಲಿನಿಂದ ನೋಡುತ್ತಿರಲಿಲ್ಲ. ಮಧ್ಯಾಹ್ನ ಶುರುವಾದ ಆಟ ಗಾಣದಂತೆ ಸುತ್ತುತ್ತಲೇ ಇರುತ್ತಿತ್ತು: ಸಿನಿಮಾ, ವಾರ್ತಾಚಿತ್ರ, ಕಾರ್ಟೂನು, ಮತ್ತೆ ಅದೇ ಸಿನಿಮಾ. ಜನ ತಮಗೆ ತೋಚಿದಾಗ ಒಳಗೆ ನುಗ್ಗಿ, ತಾವು ನುಗ್ಗಿದ ದೃಶ್ಯ ತಿರುಗಿ ಬಂದ ಕೂಡಲೇ "ನಾವು ಬಂದದ್ದು ಇಲ್ಲೇ" ಎಂದು ಪಕ್ಕದವರನ್ನು ತಿವಿದು ಎದ್ದು ಹೋಗುತ್ತಿದ್ದರು. ಹಾಲಿಸ್ ದಂಪತಿ ಮಾತ್ರ ಯಾವಾಗ ಒಳಗೆ ಹೋದರೂ ಕತೆ ಮುಗಿಯಲು ಇನ್ನೇನು ಬಂತು ಎನ್ನುವಾಗ ಹೊರಗೆ. ಕಥಾನಾಯಕ ಪಿಸ್ತೂಲಿಗೆ ಗುಂಡು ತುಂಬಲು ಕೈಹಾಕಿದ್ದೇ ತಡ, ವರ್ನಾಗೆ ಒಲೆ ನೆನಪಾಗುತ್ತಿತ್ತು. "ಏಳು ಡೆಲ್, ಮಾಂಸ ಸೀದುಹೋಗುತ್ತೆ." ಡೆಲ್ಬರ್ಟ್ ಗೊಣಗುತ್ತ ಏಳುತ್ತಿದ್ದ. ಮನೆಗೆ ಬಂದು ತಣ್ಣನೆ ಹ್ಯಾಮ್ ಇಟ್ಟ ಬ್ರೆಡ್ಡು ತಿಂದು ಮಲಗುತ್ತಿದ್ದ.

ಹೆಂಡತಿ ಬರುವುದೇ ಪಿಂಗಾಣಿಗೆ ಎಂದು ಅವನು ಬೀದಿಯಲ್ಲೆಲ್ಲ ಸಾರಿದ್ದ. ಮೂನ್‌ಬೀಮ್ ಥಿಯೇಟರಿನಲ್ಲಿ ಮಂಗಳವಾರ ಟಿಕೆಟು ಕೊಂಡ ಪ್ರತಿ ಹೆಂಗಸಿಗೂ ಒಂದೊಂದು ಪಿಂಗಾಣಿ ಪಾತ್ರೆ ಪುಕ್ಕಟೆ. ನೀಲಿ ಹೂವಿನ ತಟ್ಟೆ, ಬಟ್ಟಲು, ಬೋಗುಣಿ ಎಲ್ಲ ವರ್ನಾಳ ಕಪಾಟು ಸೇರಿದ್ದವು. ಉಳಿದದ್ದು ಮಾಂಸದ ಗಟ್ಟಿಸಾರು ಬಡಿಸುವ, ಮೂತಿಯಿರುವ ಗ್ರೇವಿ ಪಾತ್ರೆಯೊಂದೇ. ಅದನ್ನು ಹಂಚುವುದು ಇವತ್ತು. ಬರುವ ವಾರದಿಂದ ಬೇರೆ ಹೂವು, ಬೇರೆ ಸೆಟ್ಟು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಪಾಸಡೀನಾದಿಂದ ಅವಳ ಅಕ್ಕ ಲೊರೀನ್ ಬರುವವಳಿದ್ದಳು. ಬೆಳ್ಳಿ ಚಮಚದ ಆ ಮಹಾತಾಯಿಯ ಮುಂದೆ ಒಮ್ಮೆಯಾದರೂ ಪೂರ್ತಿ ಸೆಟ್ಟು ಜೋಡಿಸಬೇಕೆಂಬುದು ವರ್ನಾಳ ಆಸೆ.

ಹಾಗಿದ್ದರೆ ಹಾಡು ಕುಣಿತದ ಬಣ್ಣದ ಚಿತ್ರಕ್ಕೂ ಪಿಂಗಾಣಿ ಕೊಡುತ್ತಾರಲ್ಲ, ಇವಳು ಹೊಗೆ, ಮಳೆ, ನೆರಳು ತುಂಬಿದ ಕಪ್ಪುಬಿಳುಪು ಕೊಲೆಯ ಚಿತ್ರಕ್ಕೇ ಏಕೆ ಬರುತ್ತಾಳೆ? ಪತ್ತೇದಾರನಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಯುದ್ಧದ ಕಾಲದಲ್ಲಿ ಅವಳು ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಗೆ ರಿವೆಟ್ ಮೊಳೆ ಹೊಡೆದವಳು. ದೇಶಕ್ಕೆ ಕೈ ಬೇಕಿದ್ದಾಗ ಅವಳು ವೀರನಾರಿ. ಯುದ್ಧ ಮುಗಿಯುತ್ತಲೂ ಬೆನ್ನು ತಟ್ಟಿ, ಒಂದು ಹೂಗುಚ್ಛ ಕೈಗಿತ್ತು, ಒಲೆಯ ಮುಂದೆ ತಂದು ನಿಲ್ಲಿಸಿದರು. ನಾಚಿಕೆಗೇಡು ಎಂದು ಯಾರಿಗೂ ಅನಿಸಲಿಲ್ಲ. ಡೆಲ್ಬರ್ಟನಿಗೂ.

ಅವನ ಕಸುಬು ಕಿಟಕಿಗಳಿಗೆ ಹಗ್ಗ ಎಳೆದರೆ ಏರಿಳಿಯುವ ಪಟ್ಟಿಪಟ್ಟಿಯ ಪರದೆ ಕೂರಿಸುವುದು. ಇಂಥ ಚಿತ್ರಗಳಲ್ಲಿ ಆ ಪರದೆಯ ಅಡ್ಡನೆರಳು ಪಾತ್ರಧಾರಿಗಳ ಮುಖದ ಮೇಲೆ ಬೀಳದ ದೃಶ್ಯವೇ ಇರುವುದಿಲ್ಲ. ಹಾಗಾಗಿ ಅರ್ಧ ನಟನೆ ತನ್ನ ಪರದೆಗಳದ್ದೇ ಎಂದು ಅವನ ವಾದ. ಅಂದು ಥಿಯೇಟರಿನಲ್ಲಿ ಹೊಸ ಹ್ಯಾಟನ್ನು ಹುಬ್ಬಿನವರೆಗೆ ಎಳೆದುಕೊಂಡು, ಬಾಗಿಲಲ್ಲಿ ಸಿಕ್ಕ ಗ್ರೇವಿ ಪಾತ್ರೆಯನ್ನು ತೊಡೆಯ ಮೇಲಿಟ್ಟು, ಪ್ರಾಣ ಹೋದರೂ ಇದು ಹೋಗದು ಎಂದು ವರ್ನಾಗೆ ಮಾತು ಕೊಟ್ಟು ಕೂತ.

ಚಿತ್ರ ನಡೆಯಿತು. ಹಡಗು ಕಂಪನಿಯ ಮಾಲೀಕ ಸತ್ತಿದ್ದಾನೆ. ಅವನ ಹೆಂಡತಿ ಹೊಗೆ ಬಿಡುತ್ತ ಕಿಟಕಿಯ ಬಳಿ ನಿಂತಿದ್ದಾಳೆ. ಎದುರಿಗೆ ವಕೀಲ. ಡೆಲ್ಬರ್ಟನ ಕಣ್ಣು ಮಾತ್ರ ಪರದೆಯ ಹಗ್ಗದ ಮೇಲೆ. ಆಗ ಬಲಗಡೆಯಿದ್ದ ಹಗ್ಗ ಈಗ ಎಡಗಡೆಗೆ ಬಂದಿದೆ! ಚಿತ್ರ ತೆಗೆದವರ ಎಡವಟ್ಟು ಅದು. ಡೆಲ್ಬರ್ಟನಿಗೆ ಸಾಕ್ಷ್ಯ.

"ಹಗ್ಗ ಬದಲಾಗಿದೆ, ವಕೀಲನೇ ಕೊಲೆಗಾರ!" ಎನ್ನುತ್ತ ಎದ್ದು ನಿಂತ. ತೊಡೆಯ ಮೇಲಿದ್ದುದು ಏನೆಂಬುದು ನಿಂತ ಮೇಲೆ ನೆನಪಾಯಿತು.

ಫಳಾರ್. ಮಂಗಳವಾರಗಳಲ್ಲಿ ಇಂಥ ಸದ್ದಿಗೆ ಚಪ್ಪಾಳೆ ತಟ್ಟುವುದು ಮೂನ್‌ಬೀಮಿನ ಸಂಪ್ರದಾಯ. ಇಡೀ ಥಿಯೇಟರು ತಟ್ಟಿತು. ಹಿಂದಿನ ಸಾಲಿನ ಅಜ್ಜಿಯೊಬ್ಬಳು, "ಕೂತ್ಕೊಳಪ್ಪಾ, ವಕೀಲ ಎಲ್ಲೂ ಓಡಿಹೋಗಲ್ಲ" ಎಂದು ಗದರಿದಳು.

ಉತ್ತರಕುಮಾರ ಮಂಡಿಯೂರಿ ಕತ್ತಲೆಯಲ್ಲಿ ಚೂರು ಹುಡುಕತೊಡಗಿದ. ಸಿಕ್ಕಿದ್ದನ್ನೆಲ್ಲ ಹೊಸ ಹ್ಯಾಟಿಗೆ ತುಂಬಿದ. ಸಾಲಿನ ದಾರಿಗೆ ಅವನ ದೇಹವೇ ಅಡ್ಡಗಟ್ಟೆ. ಚಿತ್ರದ ನಾಯಕ ಪಿಸ್ತೂಲಿಗೆ ಕೈಹಾಕುತ್ತಲೇ ವರ್ನಾ ಎದ್ದಳು, ದಾರಿಯಿಲ್ಲದೆ ಕೂತಳು, "ಡೆಲ್, ಮಾಂಸ" ಎಂದಳು. ಅವನು, "ಸ್ವಲ್ಪ ತಡಿ, ಮೂತಿ ಸಿಕ್ತು" ಎಂದ. ಅಷ್ಟರಲ್ಲಿ ತೆರೆಯ ಮೇಲೆ ಗುಂಡು ಸಿಡಿಯಿತು.

ಅವನು ತಲೆಯೆತ್ತಿದಾಗ ವರ್ನಾ ಅಳುತ್ತಿದ್ದಳು.

ಅಂಟು ಹಾಕಿದರೆ ಗೊತ್ತೇ ಆಗುವುದಿಲ್ಲ, ಲೊರೀನ್‌ಗೆ ಕಣ್ಣೂ ಮಂದ ಎಂದೆಲ್ಲ ಅವನು ಪಿಸುಗುಟ್ಟಿ ಸಮಾಧಾನ ಮಾಡತೊಡಗಿದ.

"ಪಾತ್ರೆಗಲ್ಲ ಮಾರಾಯಾ," ಎಂದಳು. "ಕಿಟಕಿ ಹತ್ರ ನಿಂತಿದ್ದೋಳನ್ನ ಸಾಯಿಸಿಬಿಟ್ರು."

"ಅವಳೇ ಕೊಲೆಗಾತಿನಾ?"

"ಅವಳೇ. ಯಾವಾಗ್ಲೂ ಅವಳೇ. ಬೇಕು ಅಂತ ಬಾಯಿಬಿಟ್ಟು ಕೇಳೋಳು ಈ ಊರಲ್ಲಿ ಅವಳೊಬ್ಬಳೇ ಅಲ್ವಾ? ಕೊನೇಲಿ ಹೊಡೆದುಹಾಕ್ತಾರೆ. ಅದನ್ನ ನೋಡಬಾರದು ಅಂತಾನೇ ನಾನು ಮುಂಚೆ ಎದ್ದುಬಿಡೋದು. ನಾನು ನೋಡದಿದ್ರೆ ಬದುಕೇ ಇರ್ತಾಳೆ."

ಡೆಲ್ಬರ್ಟ್ ಚೂರಿನ ಹ್ಯಾಟು ಹಿಡಿದು ಕುರ್ಚಿಗೆ ಮರಳಿದ. ವಾರ್ತಾಚಿತ್ರ ಬಂತು, ಕಾರ್ಟೂನಿನ ಬೆಕ್ಕು ಬಂದು ಹೋಯಿತು. ಅವನು ಏಳಲಿಲ್ಲ, ಅವಳನ್ನೂ ಏಳಗೊಡಲಿಲ್ಲ. ಸಿನಿಮಾ ಮತ್ತೆ ಶುರುವಾಯಿತು. ಆ ಹೆಂಗಸು ಜೀವಂತವಾಗಿ ಮೆಟ್ಟಿಲಿಳಿದು ಬಂದಳು. "ನನಗೆ ಈ ಮನೆ ಬೇಡ, ಹಡಗು ಬೇಕು" ಎಂದು ಗಂಡನ ಮುಖಕ್ಕೇ ಹೇಳಿದಳು.

ಈ ಸಲ ಡೆಲ್ಬರ್ಟ್ ಹಗ್ಗ ನೋಡಲಿಲ್ಲ. ಪಕ್ಕಕ್ಕೆ ತಿರುಗಿದ. ತೆರೆಯ ಬೆಳಕು ವರ್ನಾಳ ಮುಖದ ಮೇಲೆ ಆಡುತ್ತಿತ್ತು. ಅವಳು ಮುಂದಕ್ಕೆ ಬಾಗಿದ್ದಳು, ಆ ಮಾತನ್ನು ತುಟಿಯಲ್ಲೇ ತಾನೂ ಆಡುತ್ತಿದ್ದಳು. ಕೈ ತೊಡೆಯ ಮೇಲೆ ಬಿಗಿಯಾಗಿ ಮುಷ್ಟಿಕಟ್ಟಿತ್ತು, ರಿವೆಟ್ ಬಂದೂಕು ಹಿಡಿದವರ ಹಾಗೆ. ಇಷ್ಟು ವರ್ಷ ಮಂಗಳವಾರಕ್ಕೊಮ್ಮೆ ತನ್ನ ಮಗ್ಗುಲಲ್ಲೇ ಕೂತಿದ್ದ ಈ ಹೆಂಗಸನ್ನು ಅವನು ಇವತ್ತೇ ನೋಡಿದ್ದು.

ಕತೆ ಮುಗಿಯುವ ಹೊತ್ತಿಗೆ ತೆರೆಯ ಮೇಲೆ ನಾಯಕ ಪಿಸ್ತೂಲಿನ ಡ್ರಾಯರಿಗೆ ಕೈಹಾಕಿದ. ಡೆಲ್ಬರ್ಟ್ ಚೂರು ತುಂಬಿದ ಹ್ಯಾಟನ್ನು ಎದೆಗವಚಿಕೊಂಡು ಎದ್ದ.

"ಏಳು ವರ್ನಾ," ಎಂದ. "ಮಾಂಸ ಸೀದುಹೋಗುತ್ತೆ."

ಬೀದಿಗೆ ಬಂದು ಮನೆ ಕಡೆಯ ಗುಡ್ಡ ಹತ್ತಿದರು. ಆಮೇಲೆ ಅವನ ತೋಳಿಗೆ ತೋಳು ಸೇರಿಸಿ ಕೇಳಿದಳು:

"ಪತ್ತೇದಾರರೇ, ಇಷ್ಟು ವರ್ಷ ಮಂಗಳವಾರ ಮನೆಗೆ ಹೋದಾಗ ಒಲೆ ಮೇಲೆ ಏನಿರ್ತಿತ್ತು?"

ಡೆಲ್ಬರ್ಟ್ ನಿಂತ. ಯೋಚಿಸಿದ. ತಣ್ಣನೆಯ ಹ್ಯಾಮು ನೆನಪಾಯಿತು.

"ಏನೂ ಇರ್ತಿರಲಿಲ್ಲ."

"ಒಲೆ ಹಚ್ಚೇ ಇರ್ತಿರಲಿಲ್ಲ. ನೀನು ಹಗ್ಗ ನೋಡೋನು," ಎಂದಳು ವರ್ನಾ. "ನಡಿ, ಸಿಂಕಲ್ಲಿ ಬೆಳಗಿನ ಪಾತ್ರೆ ಕಾಯ್ತಿವೆ."