ಸೊನ್ನೆ ಕಾಣದೆ ಏನನ್ನೂ ಅಳೆಯದ ಮಾಮಾ

ನಮ್ಮ ಸೋದರಮಾವ ಈ ಜಗತ್ತಿನಲ್ಲಿ ಪೂರ್ತಿ ನಂಬುವುದು ಸೊನ್ನೆಯನ್ನು ಮಾತ್ರ. ಉಳಿದ ಅಂಕಿಗಳ ಮೇಲೆಲ್ಲ ಅವರಿಗೆ ಅನುಮಾನ!

ಅವರ ಕೆಲಸವೇ ಹಾಗೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತ ಮೊಬೈಲ್ ಟವರ್‌ಗಳು ಏಳುತ್ತಿದ್ದ ಕಾಲ. ಅವು ಎಷ್ಟು ಶಕ್ತಿ ಹೊರಡಿಸುತ್ತವೆ ಎಂದು ಅಳೆಯಲು ಕಂಪನಿಯೊಂದು ಮಾಮಾನನ್ನು ವರ್ಷದ ಕರಾರಿನ ಮೇಲೆ ಇಟ್ಟುಕೊಂಡಿತ್ತು. ಅಂಗೈಯಲ್ಲಿ ಹಿಡಿಸುವ ಒಂದು ಸೆನ್ಸರ್, ಅದು ಗ್ರಹಿಸಿದ್ದನ್ನು ಅಂಕಿಯಾಗಿ ತೋರಿಸುವ ಒಂದು ಮೀಟರ್. ಅಳೆಯುವ ಮುನ್ನ ಮೀಟರನ್ನು ಸೊನ್ನೆಗೆ ತರಬೇಕು. ಆಮೇಲೆ ಮೀಟರೇ ಹೊರಡಿಸುವ ಒಂದು ಮಿಲಿವ್ಯಾಟ್ ಶಕ್ತಿಯನ್ನು ಕೊಟ್ಟು, ಸೆನ್ಸರ್ ಅದನ್ನು ಒಂದೇ ಎನ್ನುತ್ತದೆಯೇ ನೋಡಬೇಕು. ಟವರಿಗೆ ಇದು ಸರಿ. ಮನೆಗೆ?

ನನಗೊಮ್ಮೆ ಜ್ವರ ಬಂತು. ಮಾಮಾ ಥರ್ಮಾಮೀಟರನ್ನು ಮೊದಲು ತಮ್ಮ ಬಾಯಿಗೇ ಇಟ್ಟುಕೊಂಡರು.

“ಗೊತ್ತಿದ್ದದ್ದನ್ನ ಮೊದ್ಲ ಅಳೀಬೇಕಪಾ. ನಾ ಆರಾಮ ಅದೇನಿ. ಇದು ಹಂಗ ಹೇಳತೈತಿಲ್ಲೋ ನೋಡೂಣು.”

ಅದು ನೂರಾ ಎರಡು ತೋರಿಸಿತು!

“ಮೀಟರ್ ಕೆಟ್ಟೈತಿ,” ಎಂದರು ಮಾಮಾ.

ಅತ್ತೆ ಅವರ ಹಣೆ ಮುಟ್ಟಿ ನೋಡಿದಳು. “ಮೀಟರ್ ಛಲೋ ಐತಿ. ಕೆಟ್ಟವ್ರು ನೀವು. ಸುಮ್ನ ಮಲಕೋರಿ.”

ಚಳಿಗಾಲದಲ್ಲಿ ರಾಣೆಬೆನ್ನೂರಿನ ಬಸ್ಸು ಹತ್ತಿದರೆ ಮಫ್ಲರ್ ಸುತ್ತುವುದು ಸೆನ್ಸರಿಗೆ, ಕೆಮ್ಮುವುದು ಮಾಮಾ. “ಯಜಮಾನ್ರ, ಕೂಸಿನ ಮಾರಿ ಮ್ಯಾಲಿಂದು ತಗೀರಿ, ಗಾಳಿ ಆಡ್ಲಿ,” ಎಂದಿದ್ದ, ಅವರ ಮಡಿಲ ಗಂಟು ಕಂಡ ಒಬ್ಬ ಕಂಡಕ್ಟರ್.

ಇಂಥವರು ಒಂದು ಮಧ್ಯಾಹ್ನ ಬ್ಯಾಡಗಿಯ ಟವರಿನ ಬುಡದಲ್ಲಿ ಬಿಳಿಚಿಕೊಂಡು ಕೂತಿದ್ದರು. ಪತ್ರಿಕೆಗೆ ಮೆಣಸಿನಕಾಯಿ ಪೇಟೆಯ ಸುದ್ದಿ ತರಲು ಹೋದ ನಾನು ಕಂಡು ಹತ್ತಿರ ಹೋದೆ. ಹಿಂದಿನ ದಿನ ಅಗಡಿಯಲ್ಲಿ ಅವರ ಹಳೆಯ ಮೀಟರಿನ ಪರದೆ ಕಪ್ಪಾಗಿತ್ತು. ಆಫೀಸಿನವರು ಬೆಳಗಿನ ಬಸ್ಸಿಗೆ ಬೇರೊಂದು ಮೀಟರ್ ಕಳಿಸಿದ್ದರು. ಸೆನ್ಸರಿನ ಕೇಬಲ್ ಅದಕ್ಕೆ ಸಲೀಸಾಗಿ ಕೂತಿತು. ಆದರೆ ಪರದೆಯ ಮೇಲೆ ಅಂಕಿಯಿಲ್ಲ, ಸೊನ್ನೆಯೂ ಇಲ್ಲ. ಬರೀ ಗೀಟು!

“ಸೆನ್ಸರ್ ಸುಟ್ಟೇನಿ ಕಾಣತದ, ತಮ್ಮಾ. ನಿನ್ನೆ ಟವರಿನ ಶಕ್ತಿ ತಗ್ಗಸೋ ತುಣುಕು ಸೆನ್ಸರಿಗೆ ಅಡ್ಡ ಹಾಕಿದ್ನೋ ಇಲ್ಲೋ, ನೆನಪ ಬರವಲ್ದು.” ಅವರ ಬಲಗೈ ಸಣ್ಣಗೆ ನಡುಗುತ್ತಿತ್ತು. “ಕೈ ನಡಗತೈತಿ, ನೆನಪೂ ಹೊಂಟೈತಿ. ಕರಾರು ಸಾಕಂತ ನಾನ ಹೇಳಿಬಿಡ್ತೇನಿ.”

ಕರಾರು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಕಂಪನಿಯ ಇಂಜಿನಿಯರ್ ಮೇಡಂ, ಮಾಮಾನ ಬಾಯಲ್ಲಿ ‘ಬಾಯಾರು’, ಹುಬ್ಬಳ್ಳಿಯಿಂದ ಬರುವ ದಿನವೂ ಅದೇ. ಜೀಪು ಬಂತು.

“ಬಾಯಾರ, ನಾ ಸೆನ್ಸರ್ ಸುಟ್ಟೇನ್ರಿ!” ನಮಸ್ಕಾರಕ್ಕೂ ಮೊದಲೇ ಮಾಮಾ ತಪ್ಪೊಪ್ಪಿಕೊಂಡರು.

ಬಾಯಾರು ಮೀಟರನ್ನು ತಿರುಗಿಸಿ ಹಿಂದಿನ ಚೀಟಿ ಓದಿದರು; ನಕ್ಕರು.

“ಕಾಕಾರ, ಇದು ಬ್ಯಾರೆ ಕಂಪನಿ ಮೀಟರ್ರಿ. ನಿಮ್ಮ ಸೆನ್ಸರಿನ ಗುರುತ ಹಿಡಿಯಂಗಿಲ್ಲ. ಪಿನ್ನಿಗೆ ಪಿನ್ ಕುಂತ್ರ ಬೀಗತನ ಆತೇನ್ರಿ?”

“ಖರೇನ?”

ಜೀಪಿನಿಂದ ತಮ್ಮ ಮೀಟರ್ ತಂದು ಸೆನ್ಸರ್ ಜೋಡಿಸಿದರು. ಸೊನ್ನೆ ಬಂತು. ಒಂದು ಮಿಲಿವ್ಯಾಟ್ ಕೊಟ್ಟರು. ಒಂದು ಎಂದಿತು! ಮೂವರೂ ಒಟ್ಟಿಗೆ ನಿಟ್ಟುಸಿರು ಬಿಟ್ಟೆವು. ಬ್ಯಾಡಗಿಯ ಗಾಳಿಯಲ್ಲವೇ, ಮೆಣಸಿನ ಘಾಟಿಗೆ ಒಟ್ಟಿಗೇ ಕೆಮ್ಮಿದೆವು.

“ಏಳ್ರಿ ಕಾಕಾರ. ಟವರ್ ಅಳೀರಿ.”

ಶಕ್ತಿ ತಗ್ಗಿಸುವ ತುಣುಕನ್ನು ನಡುವೆ ಹಾಕಿ ಮಾಮಾ ಟವರಿನ ಕೇಬಲನ್ನು ಸೆನ್ಸರಿಗೆ ತಿರುವತೊಡಗಿದರು. ನಡುಗುವ ಕೈಗೆ ತಿರುಪು ಹಿಡಿಯಲಿಲ್ಲ. ಎರಡು ಸಲ ಜಾರಿತು. ಬಾಯಾರು ಬಂದು ಕೇಬಲಿನ ತುದಿಯನ್ನು ಅಲುಗದಂತೆ ಹಿಡಿದರು. ಮೂರನೆಯ ಸಲಕ್ಕೆ ಕೂತಿತು. ಮಾಮಾ ಅಂಕಿ ಓದಿದರು, ಅವರು ಬರೆದುಕೊಂಡರು. ಆಮೇಲೆ ಹೊಸ ವರ್ಷದ ಕರಾರಿನ ಕಾಗದ ತೆಗೆದು ಜೀಪಿನ ಬಾನೆಟ್ಟಿನ ಮೇಲೆ ಹಾಸಿದರು. ಮಾಮಾ ಸಹಿ ಮಾಡುವಷ್ಟು ಹೊತ್ತೂ ಹಾಳೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಬಾಯಾರು ದೂರದ ರಸ್ತೆಯನ್ನೇ ನೋಡುತ್ತ ನಿಂತರು.