ತೊಂಬತ್ತೇಳು ಪರ್ಸೆಂಟ್ ದುಡಿಮೆ

ಸಾಹೇಬರು: ಬೇಡಮ್ಮಾ, ಬೇಡ! ಇಡೀ ಯಂತ್ರದಲ್ಲಿ ಮೈಮುರಿದು ದುಡೀತಿರೋದು ಅದೊಂದೇ ಪ್ರೋಗ್ರಾಮ್. ಅದರ ಕುತ್ತಿಗೆಗೇ ಕೈ ಹಾಕ್ತೀನಿ ಅಂತೀರಲ್ಲ!

ಕಂಪ್ಯೂಟರಮ್ಮ: ದುಡೀತಿಲ್ಲ ಸಾರ್, ಒದ್ದಾಡ್ತಿದೆ.

(ಪರೀಕ್ಷಾ ಕಚೇರಿ. ಬೆಳಿಗ್ಗೆ ಹನ್ನೊಂದೂವರೆ. ಹನ್ನೆರಡಕ್ಕೆ ಫಲಿತಾಂಶ ಹೊರಬೀಳಬೇಕು, ಯಂತ್ರ ನೋಡಿದರೆ ಆಮೆಗೇ ದಾರಿ ಬಿಡುತ್ತಿದೆ. ಅದನ್ನು ನೋಡಿಕೊಳ್ಳುವ ಕಂಪ್ಯೂಟರಮ್ಮನ ಗುತ್ತಿಗೆ ಇವತ್ತಿಗೆ ಮುಗಿಯುತ್ತದೆ. ನವೀಕರಣದ ಕಾಗದ ಸಾಹೇಬರ ಕೈಯಲ್ಲೇ ಇದೆ, ಸಹಿಯೊಂದು ಬಿದ್ದಿಲ್ಲ. ಪಕ್ಕದಲ್ಲಿ ಗುಮಾಸ್ತರು. ಇವರಿಗಿಂತ ಮುಂಚಿನ ನಾಲ್ವರು ಸಾಹೇಬರನ್ನು ಅರೆದು ಕುಡಿದವರು.)

ಸಾಹೇಬರು: ಪರದೆ ಮೇಲೇ ಇದೆಯಲ್ಲ, ತೊಂಬತ್ತೇಳು ಪರ್ಸೆಂಟ್! ನಮ್ಮ ಆಫೀಸಲ್ಲಿ ಅಷ್ಟು ಕೆಲಸ ಮಾಡೋರು ಯಾರಿದ್ದಾರೆ?

ಗುಮಾಸ್ತರು: ಯಾರೂ ಇಲ್ಲ ಸಾರ್. ಅದಕ್ಕೇ ಅನುಮಾನ.

ಸಾಹೇಬರು: ಕೆಳಗಡೆ ಸೊನ್ನೆ ತೋರಿಸ್ತಿರೋದು ಯಾವುದು? ಮೊದಲು ಅದನ್ನ ತೆಗೀರಿ.

ಕಂಪ್ಯೂಟರಮ್ಮ: ಅಯ್ಯೋ, ಫಲಿತಾಂಶ ತಯಾರು ಮಾಡೋದೇ ಅದು ಸಾರ್!

ಸಾಹೇಬರು: ಹನ್ನೆರಡಕ್ಕೆ ಕೆಲಸ ಇಟ್ಕೊಂಡು ಸೊನ್ನೆಯಲ್ಲಿ ಕೂತಿದೆಯಾ? ಸೋಮಾರಿ!

ಕಂಪ್ಯೂಟರಮ್ಮ: ಕೂತಿಲ್ಲ, ಸರದಿ ಕಾಯ್ತಿದೆ. ಪ್ರೊಸೆಸರ್ ಅಂದ್ರೆ ಮನೆಗೆಲ್ಲ ಒಂದೇ ಒಲೆ ಇದ್ದ ಹಾಗೆ. ಮೇಲಿನದು ಒಲೆ ಬಿಟ್ಟು ಕದಲ್ತಿಲ್ಲ. ಇದು ಪಾಪ, ಪಾತ್ರೆ ಹಿಡ್ಕೊಂಡು ನಿಂತಿದೆ.

ಸಾಹೇಬರು: ಮೇಲಿನದು ಏನೋ ದೊಡ್ಡದನ್ನೇ ಬೇಯಿಸ್ತಿರಬೇಕು.

ಗುಮಾಸ್ತರು: ಬರೀ ನೀರು ಕುದ್ದರೂ ಹಬೆ ಬರುತ್ತೆ ಸಾರ್.

(ಕಂಪ್ಯೂಟರಮ್ಮ ಏನೋ ಒತ್ತಿದಳು. ಪರದೆ ತುಂಬ ಅಂಕಿಗಳ ಸಾಲು.)

ಕಂಪ್ಯೂಟರಮ್ಮ: ಇದು ಆ ಪ್ರೋಗ್ರಾಮ್ ಮೆಮೊರಿಯಲ್ಲಿ ಹಿಡಿದಿರೋ ಜಾಗದ ನಕ್ಷೆ. ಮೇಲಿನ ಸಾಲಿನಲ್ಲಿ ಅದು ಪಾಲಿಸಬೇಕಾದ ಆದೇಶಗಳು, ಅಂಗೈಯಗಲ. ಅದರ ಕೆಳಗೆ ಸಾಮಾನು ಇಟ್ಕೊಳ್ಳೋ ಜಾಗ. ಮೆಮೊರಿಯ ಮುಕ್ಕಾಲು ಭಾಗ ನುಂಗಿದೆ, ನಾವು ನೋಡ್ತಿರುವಾಗಲೇ ಇನ್ನೂ ಬೆಳೀತಿದೆ.

ಸಾಹೇಬರು: ಹುದ್ದೆಗೆ ತಕ್ಕ ಕೋಣೆ ಬೇಡ್ವೇನಮ್ಮಾ?

ಕಂಪ್ಯೂಟರಮ್ಮ: ಕೋಣೆಯೊಳಗೆ ಏನಿದೆ ನೋಡಿ. ಒಂದೇ ವರದಿ, ಹನ್ನೊಂದು ಲಕ್ಷ ಪ್ರತಿ. ಒಂದನ್ನೂ ಬಿಸಾಕಿಲ್ಲ.

ಸಾಹೇಬರು: ಏನಂತ ವರದಿ?

ಕಂಪ್ಯೂಟರಮ್ಮ: "ಕೆಲಸ ಪ್ರಗತಿಯಲ್ಲಿದೆ" ಅಂತ.

(ಗುಮಾಸ್ತರು ಕೆಮ್ಮಿದರು. ಆ ಕೆಮ್ಮಿಗೆ ನೆಗಡಿ ಕಾರಣವಲ್ಲ.)

ಸಾಹೇಬರು: ಯಾವ ತಲೆಕೆಟ್ಟೋನು ಇದನ್ನ ಹಾಕಿಸಿದ್ದು?

ಕಂಪ್ಯೂಟರಮ್ಮ: ಹೋದ ವಾರ ಹಾಕಿಸಿದ್ದು ಸಾರ್. ಫಲಿತಾಂಶದ ಪ್ರೋಗ್ರಾಮನ್ನ ಕ್ಷಣಕ್ಷಣಕ್ಕೂ "ಆಯ್ತಾ? ಆಯ್ತಾ?" ಅಂತ ಕೇಳಿ ವರದಿ ಬರೆಯೋಕೆ. ಹಾಕಿಸಿದ್ದು ಯಾರು ಅಂದ್ರೆ... ಹೇಳೋಕೆ ನಾಲಿಗೆ ಏಳ್ತಿಲ್ಲ.

ಗುಮಾಸ್ತರು: ನೀನ್ಯಾಕೆ ಹೇಳ್ತೀಯ ಮಗಳೇ? ಪರದೆಯ ಕೊನೇ ಅಂಕಣದಲ್ಲಿ ಹೆಸರೇ ಇದೆ.

(ಸಾಹೇಬರು ಬಗ್ಗಿ ಓದಿದರು. ತಮ್ಮದೇ ಹೆಸರು! ಮುಖ ಇಂಗು ತಿಂದ ಮಂಗನಂತಾಯಿತು.)

ಸಾಹೇಬರು: ಅದು... ಮೇಲ್ವಿಚಾರಣೆ ಇಲ್ಲದೆ ಎಲ್ಲಾದರೂ ಕೆಲಸ ನಡೆಯುತ್ತೇನಮ್ಮಾ? ಸರಿ, ತಾತ್ಕಾಲಿಕವಾಗಿ ನಿಲ್ಲಿಸಿ.

(ನಿಲ್ಲಿಸಿದ್ದೇ ತಡ, ಫಲಿತಾಂಶದ ಪ್ರೋಗ್ರಾಮ್ ಎದ್ದು ಓಡಿತು. ಹನ್ನೆರಡಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಫಲಿತಾಂಶ ಹೊರಗೆ. ಕಂಪ್ಯೂಟರಮ್ಮನಿಗೆ ಹೋದ ಜೀವ ಬಂದಂತಾಯಿತು. ಪೆನ್ನಿನ ಮುಚ್ಚಳ ತಾನೇ ತೆಗೆದು ಸಾಹೇಬರ ಕೈಗಿಟ್ಟಳು.)

ಕಂಪ್ಯೂಟರಮ್ಮ: ಸಾರ್, ಆ ಸಹಿ...

ಸಾಹೇಬರು: (ಪರದೆಯನ್ನೇ ನೋಡುತ್ತ) ಇದೇನಮ್ಮಾ, ಈಗ ಬರೀ ಎರಡು ಪರ್ಸೆಂಟ್?

ಕಂಪ್ಯೂಟರಮ್ಮ: ಹೌದು ಸಾರ್. ಯಂತ್ರ ಆರಾಮಾಗಿದೆ.

ಸಾಹೇಬರು: ಎರಡು ಪರ್ಸೆಂಟ್ ಕೆಲಸ ನೋಡ್ಕೊಳ್ಳೋಕೆ ಪೂರ್ತಿ ಒಬ್ಬರು ಯಾಕೆ ಅಂತ ಮೇಲಿನವರು ಕೇಳಿದ್ರೆ ನಾನೇನು ಹೇಳಲಿ?

(ಪೆನ್ನು ಜೇಬಿನ ಕಡೆ ಹೊರಟಿತು. ಕಂಪ್ಯೂಟರಮ್ಮ ಗುಮಾಸ್ತರ ಮುಖ ನೋಡಿದಳು. ಗುಮಾಸ್ತರು ಕೀಲಿಮಣೆ ನೋಡಿದರು. ಅವಳಿಗೆ ಅಷ್ಟು ಸಾಕಾಯಿತು. ಟಕ್ ಟಕ್ ಎಂದು ಎರಡು ಕೀಲಿ ಒತ್ತಿದಳು.)

ಕಂಪ್ಯೂಟರಮ್ಮ: ಈಗ ನೋಡಿ ಸಾರ್.

ಸಾಹೇಬರು: ತೊಂಬತ್ತೇಳು! ಹೀಗಿರಬೇಕು! (ಸಹಿ ಹಾಕುತ್ತ) ಇಷ್ಟು ಕೆಲಸಕ್ಕೆ ನೀವೊಬ್ಬರೇ ಸಾಲಲ್ಲಮ್ಮಾ. ಇನ್ನೊಬ್ಬರನ್ನೂ ಹಾಕಿಸ್ತೀನಿ.

ಕಂಪ್ಯೂಟರಮ್ಮ: ಬಹಳ ಉಪಕಾರ ಸಾರ್! ಅವರಿಗೆ ಯಾವ ಕೆಲಸ ಕೊಡಲಿ?

ಸಾಹೇಬರು: ನೀವು ಕೊಡೋದಲ್ಲ. ನಿಮ್ಮ ಪಕ್ಕ ಕೂತು "ಆಯ್ತಾ? ಆಯ್ತಾ?" ಅಂತ ಕೇಳ್ತಾರೆ.